ಅಪ್ಪನ ಬೈಕಿಗೆ ಹೊಸ ಕೂಲರ್

ಕದ್ದು ಕೇಳುವ ಚಾಳಿ ಟೈಲರಮ್ಮನಿಗಿರಲಿಲ್ಲ. ಆದರೆ ಬಸ್‌ ನಿಲ್ದಾಣದ ಬೆಂಚಿನಲ್ಲಿ ಯಾರೋ ಅಕ್ಕ-ತಮ್ಮ ಇಬ್ಬರೂ ಪಕ್ಕದಲ್ಲೇ ಕೂತು ಮಾತಾಡಿದರೆ, ಕಿವಿಗೆ ಬಾಗಿಲುಂಟೇ?

“ಅಪ್ಪನ ದೊಡ್ಡ ಬೈಕು ಈಗ ಕುದುರೆ ಹಂಗೆ ಓಡತ್ತೆ ಅಕ್ಕಾ. ಹೊಸ ಆಯಿಲ್ ಪಂಪು, ಮುಂದುಗಡೆ ಕೂಲರು, ಎಲ್ಲಾ ಹಾಕಿಸ್ದೆ. ಎಷ್ಟು ದೂರ ಹೋದ್ರೂ ಇಂಜಿನ್ ಬಿಸಿಯಾಗಿ ನಿಲ್ಲಲ್ಲ.”

“ಗೊತ್ತು. ನಮ್ಮನೆ ಮುಂದೇನೇ ಭರ್ ಅಂತ ಹೋಗ್ತಾರಲ್ಲ.”

“ಅದಕ್ಯಾಕೆ ಮುಖ ಊದಿಸ್ಕೊಳ್ತೀಯ? ಈ ವಯಸ್ಸಲ್ಲಿ ಗಾಡಿ ದಾರೀಲಿ ಕೈ ಕೊಟ್ರೆ?”

“ಕೈ ಕೊಡ್ತಿದ್ದದ್ದು ನಮ್ಮನೆ ಮುಂದೇನೇ ಕಣೋ. ನನ್ನ ಮದುವೆ ದಿನ ‘ನಿನ್ನ ಹೊಸ್ತಿಲು ತುಳಿಯಲ್ಲ’ ಅಂದ್ರು. ತುಳೀಲೂ ಇಲ್ಲ. ಇಂಜಿನ್ ಆರೋವರೆಗೆ ಹೊರಗಡೆ ಮೆಟ್ಟಿಲ ಮೇಲೆ ಕೂತು, ನನ್ನ ಮಗಳ ಕೈಲಿ ನೀರು ಇಸ್ಕೊಂಡು ಕುಡೀತಿದ್ರು.”

ತಮ್ಮನ ಮುಖ ಸಪ್ಪಗಾಯಿತು.

“ಗಾಡಿ ನಿಂತುಹೋಯ್ತು ಅಂತ ಬೈಕೊಂಡು ಬರೋರು. ಎಲ್ಲಿ ಅಂತ ಒಂದಿನಾನೂ ಬಾಯಿ ಬಿಡ್ಲಿಲ್ಲ.”

“ಹೇಗೆ ಬಿಡ್ತಾರೆ?”

“ಹಳೇ ಪಂಪು ಇನ್ನೂ ಇದೆ. ಕೂಲರ್ ತೆಗೆಸಿ, ಅದನ್ನೇ ವಾಪಸ್ ಹಾಕಿಸ್ಲಾ?”

ಬಸ್ಸು ಬಂತು. ಅಕ್ಕ ಚೀಲ ಹೆಗಲಿಗೇರಿಸಿ ಎದ್ದಳು.

“ಬೇಡ ಬಿಡೋ. ನಿಲ್ಲಬೇಕು ಅಂತಿದ್ರೆ ಬ್ರೇಕ್ ಇದೆಯಲ್ಲ.”