ಲೋ ಪ್ರೆಷರ್

ವೇದಿಕೆಯ ನಡುವೆ ಕುಳಿತಿರುವ ಡಿಪೋ ಮ್ಯಾನೇಜರ್ ಸಾಹೇಬರೇ, ಅವರ ಬಲಕ್ಕಿರುವ ಡಾಕ್ಟರಮ್ಮನವರೇ, ಡ್ರೈವರ್, ಕಂಡಕ್ಟರ್, ಮೆಕ್ಯಾನಿಕ್ ಬಂಧುಗಳೇ, ಕುರ್ಚಿ ಸಿಗದೆ ಗೋಡೆಗೆ ಒರಗಿರುವ ಸಭಿಕರೇ,

ಹತ್ತು ವರ್ಷದ ಹಿಂದೆ ನಿವೃತ್ತನಾದ ಟೈಮ್‌ಕೀಪರನನ್ನು ವಾರ್ಷಿಕೋತ್ಸವಕ್ಕೆ ನೆನೆದು ಕರೆದಿದ್ದೀರಿ. ಐದೇ ನಿಮಿಷ ಎಂದಿದ್ದೀರಿ. ಬಸ್ಸುಗಳಿಗೆ ನಾನೂ ಹಾಗೇ ಹೇಳುತ್ತಿದ್ದೆ, ಯಾವುದು ಕೇಳಿತ್ತು?

ಡಾಕ್ಟರಮ್ಮ ಈಗಷ್ಟೇ ಹೇಳಿದರು, ಎಂಟು ಜನರಲ್ಲಿ ಒಬ್ಬರಿಗೆ ಮನಸ್ಸಿನ ಕಾಯಿಲೆ ಇರುತ್ತದಂತೆ. ಈ ಡಿಪೋದಲ್ಲಿ ನಾನೂರು ಜನ. ಇವರು ಮನಸ್ಸಿನ ಚಿಕಿತ್ಸೆಗೆಂದು ಇಲ್ಲೇ ಕೊಠಡಿ ತೆರೆದು ಕುಳಿತು ಮೂರು ತಿಂಗಳಾಯಿತು. ಬಂದವರೆಷ್ಟು? ಸೊನ್ನೆ. ಈ ವಾರವೂ ಯಾರೂ ಬಾರದಿದ್ದರೆ ಮುಚ್ಚುತ್ತಾರಂತೆ. ಹೇಗೆ ಬಂದಾರು ಸ್ವಾಮೀ? ಅದರ ಬಾಗಿಲು ಕ್ಯಾಂಟೀನಿಗೆ ನೇರ ಎದುರು. ಒಳಗೆ ಕಾಲಿಟ್ಟರೆ ಸಾಕು, "ಏನಪ್ಪಾ, ಸ್ಕ್ರೂ ಬಿಗಿ ಮಾಡಿಸ್ಕೊಂಡ್ಯಾ?" ನಗುತ್ತಿದ್ದೀರಿ. ನಗಿ, ನಾನೂ ನಕ್ಕವನೇ.

ಸರ್ವೀಸಿನಲ್ಲಿದ್ದಾಗಿನ ಮಾತು. ನನ್ನ ಮನೆಯವಳು ಹಾಸಿಗೆ ಬಿಟ್ಟು ಏಳದಾದಳು. ತಲೆ ಬಾಚುವುದನ್ನು ಬಿಟ್ಟಳು. "ರೀ, ನನ್ನೊಳಗೆ ಯಾರೂ ಇಲ್ಲ ಅನ್ಸುತ್ತೆ" ಎಂದಳು. ಆಸ್ಪತ್ರೆಯಲ್ಲಿ ಡಿಪ್ರೆಷನ್ ಎಂದು ಮಾತ್ರೆಗೆ ಚೀಟಿ ಬರೆದುಕೊಟ್ಟರು. ನಾನು ಕಾಲೇಜಿನಲ್ಲಿ ಜಿಯಾಗ್ರಫಿಯನ್ನು ಇಂಗ್ಲಿಷಿನಲ್ಲೇ ಓದಿದವನು. 'ಡಿಪ್ರೆಷನ್ ಈಸ್ ಆ್ಯನ್ ಏರಿಯಾ ಆಫ್ ಲೋ ಪ್ರೆಷರ್.' ಗಾಳಿಯ ಒತ್ತಡ ಕಡಿಮೆಯಿರುವ ಜಾಗ ಅಂತ. ಮುಂದಿನ ಸಾಲು ಮರೆತಿದೆ. ಲೋ ಪ್ರೆಷರ್ ತಾನೇ! ನೀರಿಗೆ ಉಪ್ಪು ಕದಡಿ ಕುಡಿಸಿದೆ. ಕೇಳಿದವರಿಗೆಲ್ಲ ಲೋ ಬಿಪಿ ಎಂದೆ. ಅವಳೂ ಕುಡಿದಳು, ಪಾಪ, ದಿನಕ್ಕೆ ಮೂರು ಲೋಟ.

ತಿಳಿಯದೆ ಮಾಡಿದೆ ಎಂದು ಹೇಳಿ ಕೂರುವವನಿದ್ದೆ. ತಿಳಿಯದೆಯೇ? ಆಸ್ಪತ್ರೆಗೆ ಹೋಗಿಬಂದ ಸಂಜೆಯೇ ಔಷಧಿ ಅಂಗಡಿಯವನು ಚೀಟಿ ನೋಡಿ, "ಇದು ಮನಸ್ಸಿಗೆ ಕೊಡೋ ಮಾತ್ರೆ, ಯಾರಿಗಣ್ಣಾ?" ಎಂದಿದ್ದ. ನನ್ನ ಪಕ್ಕದಲ್ಲಿ ಈ ಡಿಪೋದ ಕಂಡಕ್ಟರೊಬ್ಬರು ಕೆಮ್ಮಿನ ಔಷಧಿಗೆ ನಿಂತಿದ್ದರು. "ಪಕ್ಕದ ಮನೆಯವರದ್ದು ಕಣಪ್ಪಾ, ಬೇಡ ಬಿಡು" ಎಂದು ಚೀಟಿ ಮಡಚಿ ಜೇಬಿಗಿಟ್ಟೆ. ಇದನ್ನು ಹೇಳಬೇಕೆಂದು ನಾನು ಬರೆದುಕೊಂಡು ಬಂದಿರಲಿಲ್ಲ.

ಏಳನೇ ವಾರ ಅವಳು ತನ್ನ ಜೀವ ತಾನೇ ತೆಗೆದುಕೊಂಡಳು. ಹಾರ್ಟ್ ಅಟ್ಯಾಕ್ ಎಂದು ನಿಮಗೆ ಹೇಳಿದವನು ನಾನು. ಎಲ್ಲರೂ ಬಂದು ನನ್ನ ಕೈ ಹಿಡಿದು, "ಪುಣ್ಯವಂತರು, ನರಳದೆ ಹೋದ್ರು" ಎಂದಿರಿ. ಹೌದು ಹೌದು ಎಂದೆ.

ಸಾಹೇಬರು ಕೈಗಡಿಯಾರ ನೋಡುತ್ತಿದ್ದಾರೆ. ಮುಗಿಯಿತು. ಈಗ ಕ್ಯಾಂಟೀನು ತುಂಬುವ ಹೊತ್ತು, ತುಂಬಲಿ. ನಾಲ್ಕು ತಿಂಗಳಿಂದ ನನಗೂ ನಿದ್ದೆಯಿಲ್ಲ. ಬೆಳಗಾಗುವುದೇ ಬೇಡ ಅನ್ನಿಸುತ್ತದೆ. ಡಾಕ್ಟರಮ್ಮಾ, ನಿವೃತ್ತರನ್ನು ನೋಡಬಹುದೋ ಇಲ್ಲವೋ ರೂಲ್ಸ್ ನನಗೆ ತಿಳಿಯದು. ಕೊಠಡಿಯ ಬೀಗದ ಕೈ ತಂದಿದ್ದರೆ ಏಳಿ, ಹೋಗೋಣ. ಕರೆದವರಿಗೆ ವಂದನೆ, ಕೇಳಿದವರಿಗೆ ವಂದನೆ. ಬಾಗಿಲ ಬಳಿ ಇರುವವರೇ, ಸ್ವಲ್ಪ ದಾರಿ ಬಿಡಿ. ನಮಸ್ಕಾರ.