ಒಂದೇ ಕೋಲಿನ ಘಾಟಿ

ಹೂಂ ಅನ್ನುವವರು ಒಬ್ಬರಾದರೂ ಇದ್ದೀರಾ? ಇದ್ದರೆ ಸರಿ. ಗಿರಾಕಿ ಇಲ್ಲದೆ ನಾನು ಅಂಗಡಿ ತೆರೆಯುವವನಲ್ಲ.

ಯಾವ ಕಾಲವೋ, ಯಾವ ಸೀಮೆಯೋ. ಅಲ್ಲೊಂದು ಬೆಟ್ಟ. ಬೆಟ್ಟದ ಕೆಳಗೆ ಉಪ್ಪು ಮಾಡುವ ಊರು, ಮೇಲೆ ರಾಗಿ ಬೆಳೆಯುವ ಊರು. ಕೆಳಗಿನವರಿಗೆ ರಾಗಿ ಬೇಕು, ಮೇಲಿನವರಿಗೆ ಉಪ್ಪು ಬೇಕು. ನಡುವೆ ಇರುವುದು ಒಂದೇ ಘಾಟಿ. ಎಂಥ ಘಾಟಿ? ಒಂದು ಕಡೆ ಗೋಡೆಯಂಥ ಬಂಡೆ, ಇನ್ನೊಂದು ಕಡೆ ಕಣ್ಣಿಗೆ ತಳ ಸಿಗದ ಕಮರಿ. ಹೇರು ಹೊತ್ತ ಎತ್ತು ಒಂದರ ಹಿಂದೆ ಒಂದು ಹೋಗಬೇಕು. ಎದುರಿಗೆ ಇನ್ನೊಂದು ಹೇರೆತ್ತು ಬಂತೋ, ಪಕ್ಕಕ್ಕೆ ಸರಿಯಲು ಜಾಗವಿಲ್ಲ. ಹಿಂದಕ್ಕೆ ನಡೆ ಅಂದರೆ ಎತ್ತು ಕೇಳುತ್ತದೆಯೇ? ಕೇಳುವುದಿಲ್ಲ.

ಅದಕ್ಕೇ ಆ ಘಾಟಿಗೆ ಒಂದು ಕೋಲು. ಬೀಟೆ ಮರದ್ದು, ತುದಿಗೆ ಹಿತ್ತಾಳೆ ಬಳೆ. ಕೋಲು ಯಾರ ಕೈಯಲ್ಲಿದೆಯೋ ಅವರು ಮಾತ್ರ ಘಾಟಿಗೆ ಇಳಿಯಬೇಕು, ಏರಬೇಕು. ಏರಿದವರು ಮೇಲೆ ಕಾದವರಿಗೆ ಕೊಡಬೇಕು, ಇಳಿದವರು ಕೆಳಗೆ ಕಾದವರಿಗೆ ಕೊಡಬೇಕು. ಅರಸನ ಆಳುಗಳು ಎರಡೂ ತುದಿಯಲ್ಲಿ ಕೂತು ಕೋಲು ಕೊಡುತ್ತಿದ್ದರು, ಹೇರಿಗೊಂದು ಬೊಗಸೆ ಸುಂಕ ಎತ್ತುತ್ತಿದ್ದರು. ಅವರ ಬೊಗಸೆ ದೊಡ್ಡದು, ಆ ಮಾತು ಬೇರೆ.

ಒಂದು ವರ್ಷ ಅರಸ ದಂಡೆತ್ತಿ ಹೋದ, ತಿರುಗಿ ಬರಲಿಲ್ಲ. ಆಳುಗಳು ಸಂಬಳಕ್ಕೆ ಕಾದರು, ಕಾದರು, ಕಾದರು. ಆಮೇಲೆ ಕೋಲನ್ನು ಬಂಡೆಗೆ ಒರಗಿಸಿ ಮನೆಗೆ ಹೋದರು.

ಎರಡೂ ಊರಿನವರು ಘಾಟಿಯ ಬುಡದ ಹುಣಸೆಮರದ ಕೆಳಗೆ ಸೇರಿದರು. ಮೊದಲು ಬಾಯಿ ತೆರೆದವನು ಬುಳ್ಳಪ್ಪ ಸೆಟ್ಟಿ. ಉಪ್ಪಿನ ವ್ಯಾಪಾರಿ, ಅವನ ಹೇರೆತ್ತಿನ ಸಾಲು ನಿಂತರೆ ಈ ತುದಿಯಿಂದ ಆ ತುದಿ ಕಾಣದು.

"ನೋಡ್ರಪ್ಪ, ನನಗೆ ಅರಸನ ಮೇಲೆ ಪ್ರೀತಿ ಏನೂ ಇಲ್ಲ. ಆದರೆ ತಲೆ ಮೇಲೆ ಒಬ್ಬ ಇರಬೇಕು. ಇಲ್ಲದಿದ್ದರೆ ಇವತ್ತು ಕೋಲು ಕಿತ್ತುಕೊಳ್ಳುತ್ತಾರೆ, ನಾಳೆ ಹೇರು ಕಿತ್ತುಕೊಳ್ಳುತ್ತಾರೆ."

ಗರಡಿಯ ಭರಮ ಎದ್ದು ನಿಂತ. ತೋಳು ತಟ್ಟಿದ. "ಅರಸ ಯಾಕೆ ಹುಡುಕ್ತೀರಿ? ನಾನಿಲ್ಲವಾ? ಒಂದು ಕತ್ತಿ ಕೊಡಿ, ಎರಡು ಹೊತ್ತು ಊಟ ಹಾಕಿ. ಕೋಲು ನನ್ನ ಹತ್ತಿರ ಇರಲಿ."

"ಊಟ ಎರಡು ಹೊತ್ತಿಗೇ ನಿಲ್ಲುತ್ತದೇನಪ್ಪ?" ಅಂದಳು ಹಿಂದಿನಿಂದ ಒಬ್ಬಳು. ಜನ ನಕ್ಕರು. ಅವಳು ಮೇಲಿನೂರಿನ ದುಗ್ಗವ್ವ. ಗಂಡ ಇಲ್ಲ, ಹೊಲ ಇಲ್ಲ. ಇದ್ದದ್ದು ಎರಡು ಹೇರೆತ್ತು. ಊರವರ ರಾಗಿ ಇಳಿಸಿ, ಉಪ್ಪು ಏರಿಸಿ ಬದುಕುವವಳು.

"ಅರಸನೂ ಬೇಡ, ಭರಮನೂ ಬೇಡ. ಆಳುಗಳು ಕೂತು ಏನು ಮಾಡುತ್ತಿದ್ದರು ಹೇಳಿ? ಇವರಿಂದ ಇಸಿದು ಅವರಿಗೆ ಕೊಡುತ್ತಿದ್ದರು. ನಮಗೆ ಕೈ ಇಲ್ಲವೇ? ಕೈಯಿಂದ ಕೈಗೆ ನಾವೇ ಕೊಟ್ಟುಕೊಳ್ಳೋಣ."

"ಏನಾದರೂ ಹೆಚ್ಚುಕಮ್ಮಿ ಆದರೆ?" ಅಂದ ಸೆಟ್ಟಿ.

"ಮಳೆ ಹಿಡಿಯುವ ತನಕ ನೋಡೋಣ ಸೆಟ್ಟರೇ. ಅಷ್ಟರೊಳಗೆ ಒಂದೇ ಒಂದು ಎತ್ತು ಕಮರಿಗೆ ಬಿದ್ದರೂ ಭರಮ ಕತ್ತಿ ಹಿಡಿದು ಕೂರಲಿ. ಮೊದಲ ಬೊಗಸೆ ಸುಂಕ ನನ್ನ ಹೇರಿನದೇ."

ಎಲ್ಲರೂ ಹೂಂ ಅಂದರು. ನೀವೂ ಅನ್ನಿ.

ಕೋಲು ಏರಿತು, ಇಳಿಯಿತು. ಏರಿತು, ಇಳಿಯಿತು. ಸುಂಕ ಉಳಿಯಿತು, ಜಗಳ ಆಗಲಿಲ್ಲ. ಆದರೆ ಕಾಯುವುದು ಇತ್ತು. ಕೋಲು ಮೇಲಿದ್ದರೆ ಕೆಳಗಿನವರು ಬಿಸಿಲಲ್ಲಿ ಕೂರಬೇಕು. ಬುಳ್ಳಪ್ಪ ಸೆಟ್ಟಿಗೆ ಇದು ನುಂಗಲಾರದ ಸಂಕಟ. ನಿಂತ ಎತ್ತೂ ಹುಲ್ಲು ತಿನ್ನುತ್ತದೆ, ಅಲ್ಲವೇ? ಅವನು ಯೋಚಿಸಿದ. ಕೋಲು ಒಂದೇ ಇರುವುದಕ್ಕೆ ತಾನೇ ಈ ಕಾಯುವುದು? ಎರಡಾದರೆ? ಎರಡೂ ತುದಿಗೆ ಒಂದೊಂದು!

ಕೆಟ್ಟ ಬುದ್ಧಿಯಿಂದ ಮಾಡಿದ್ದಲ್ಲ ಕೇಳಿ. ವ್ಯಾಪಾರದ ತಲೆ ಓಡುವುದೇ ಹಾಗೆ. ಬೀಟೆ ಕಡಿಸಿದ, ಹಿತ್ತಾಳೆ ಬಳೆ ಹಾಕಿಸಿದ, ಹೊಸ ಕೋಲು ಹಿಡಿದು ಸಾಲು ಹೊರಡಿಸಿದ. ಮೋಡ ಕಟ್ಟುವ ಹೊತ್ತು. ತಾನೇ ಮುಂದೆ ನಡೆದ.

ಘಾಟಿಯ ನಡುಮಧ್ಯ ತಿರುವಿನಲ್ಲಿ ಗಂಟೆ ಸದ್ದು. ಎದುರಿಗೆ ಯಾರು? ದುಗ್ಗವ್ವ. ಎರಡು ಎತ್ತು, ರಾಗಿ ಹೇರು, ಕೈಯಲ್ಲಿ ಹಳೇ ಕೋಲು. ಅವಳ ಎತ್ತಿನ ಕೊಂಬು ಅವನ ಎತ್ತಿನ ಕೊಂಬಿಗೆ ತಾಗಿತು. ಕಾಲಡಿಯ ಕಲ್ಲೊಂದು ಉರುಳಿ ಕಮರಿಗೆ ಹೋಯಿತು. ಬಿದ್ದ ಸದ್ದು ಕೇಳಲೇ ಇಲ್ಲ.

"ಹಿಂದಕ್ಕೆ ಹೋಗೇ!" ಅಂದ ಸೆಟ್ಟಿ.

"ನೀವು ಹೋಗಿ ತೋರಿಸಿ, ಆಮೇಲೆ ನಾನು ಹೋಗುತ್ತೇನೆ," ಅಂದಳು. ಅವನ ಕೈ ನೋಡಿದಳು. ಕೋಲು ನೋಡಿದಳು. "ಅಯ್ಯೋ ಸೆಟ್ಟರೇ, ಇದೆಂಥ ಕೆಲಸ!"

"ನೋಡಿದೆಯಾ? ಅರಸ ಇದ್ದಿದ್ದರೆ ನಾನು ಇದನ್ನ ಕಡಿಸುತ್ತಿದ್ದೆನಾ? ಚರ್ಮ ಸುಲಿಸುತ್ತಿದ್ದ. ಭಯ ಇಲ್ಲದ್ದಕ್ಕೇ ಕಡಿಸಿದೆ!"

"ಅದು ನಿಜ. ಆದರೆ ಅರಸನ ಮಾತು ಆಮೇಲೆ ಆಡೋಣ. ಮುಂದಿನ ಎತ್ತಿನ ಕಾಲು ನಡುಗುತ್ತಿದೆ ನೋಡಿ. ನಿಮ್ಮದು ಸಾಲು, ನನ್ನದು ಎರಡೇ. ಹೇರು ಇಳಿಸಿದರೆ ನನ್ನವು ತಿರುಗಿಯಾವು. ಮೇಲೆ ಹಾಸುಬಂಡೆ ಹತ್ತಿರ ಅಗಲ ಇದೆ. ಚೀಲ ಹೊರಲು ಆಳು ಬೇಕು."

ಆಳುಗಳು ಸಾಲಿನ ಹಿಂದೆ ಸಿಕ್ಕಿಕೊಂಡಿದ್ದಾರೆ, ಮುಂದೆ ಬರಲು ದಾರಿ ಎಲ್ಲಿ? ಮುಂದೆ ಇದ್ದವನು ಸೆಟ್ಟಿ ಒಬ್ಬನೇ. ಅವನು ಪೇಟ ಬಿಚ್ಚಿದ, ಸಿಂಬಿ ಸುತ್ತಿದ, ರಾಗಿ ಚೀಲ ತಲೆಗೇರಿಸಿದ. ಹೇರಿಳಿದ ಎತ್ತಿನ ಪಕ್ಕ ನುಸುಳಿಕೊಂಡು ಒಂದು ಸಲ ಹಾಸುಬಂಡೆಗೆ, ಇನ್ನೊಂದು ಸಲ, ಮತ್ತೊಂದು ಸಲ. ದುಗ್ಗವ್ವನ ಎತ್ತುಗಳು ಉಸಿರು ಬಿಗಿಹಿಡಿದಂತೆ ತಿರುಗಿದವು, ಹಾಸುಬಂಡೆ ಹತ್ತಿರ ಹೋಗಿ ಪಕ್ಕಕ್ಕೆ ನಿಂತವು. ಸಾಲು ದಾಟಿತು. ಒಂದೂ ಬೀಳಲಿಲ್ಲ.

ಮಾರನೆಯ ದಿನ ಮತ್ತೆ ಹುಣಸೆಮರದ ಕೆಳಗೆ ಜನ. "ಬಿದ್ದಿಲ್ಲ, ನಿಜ. ಬೀಳುವಂತಾಗಿತ್ತಲ್ಲ! ಕತ್ತಿ ಕೊಡಿ," ಅಂದ ಭರಮ. "ಸೆಟ್ಟಿಗೆ ಶಿಕ್ಷೆ ಆಗಲಿ," ಅಂದರು ಕೆಲವರು. "ದುಗ್ಗವ್ವ, ಕೋಲು ನೀನೇ ಇಟ್ಟುಕೋ, ನೀನು ಹೇಳಿದಂತೆ ಕೇಳುತ್ತೇವೆ," ಅಂದರು ಬಹಳ ಜನ.

"ಇದೇನು ಕರ್ಮ! ಅರಸ ಬೇಡ ಅಂದವಳನ್ನೇ ಅರಸಿ ಮಾಡುತ್ತೀರಾ?" ಅಂದಳು ದುಗ್ಗವ್ವ. ಆಮೇಲೆ ತಣ್ಣಗೆ ಹೇಳಿದಳು: "ಯಾರೂ ಇನ್ನೊಂದು ಕೋಲು ಕಡಿಯುವುದಿಲ್ಲ ಅಂದುಕೊಂಡಿದ್ದೆ. ಅಲ್ಲಿ ನಾನು ಎಡವಿದೆ. ಸೆಟ್ಟರೇ, ಕಡಿಸಿದವರು ನೀವು. ಇನ್ನೊಬ್ಬ ಕಡಿಸದಂತೆ ಮಾಡುವುದು ಹೇಗೆ? ನೀವೇ ಹೇಳಿ."

ಸೆಟ್ಟಿ ಹೊಸ ಕೋಲನ್ನು ಮೊಣಕಾಲಿಗೆ ಕೊಟ್ಟು ಮುರಿಯಲು ನೋಡಿದ. ಬೀಟೆ, ಮುರಿಯುತ್ತದೆಯೇ? ಭರಮ ಇಸಿದುಕೊಂಡು ಮುರಿದುಕೊಟ್ಟ. ಸೆಟ್ಟಿ ಸೊಂಟದ ಚೂರಿ ತೆಗೆದು ಹಳೇ ಕೋಲಿನ ಮೇಲೆ ಒಂದು ಗೀರು ಹಾಕಿದ. "ಇದು ನನ್ನ ಕೈ ಗುರುತು. ಮನೆಗೊಬ್ಬರಂತೆ ನೀವೂ ಹಾಕಿ. ಇಸಿದುಕೊಳ್ಳುವವರು ತಮ್ಮ ಗೀರು ಹುಡುಕಿ, ಸಿಕ್ಕಿದರೆ ಮಾತ್ರ ಹೊರಡಿ. ಊರಿನ ಕೈಯೆಲ್ಲ ಸೇರಿದ ಕೋಲನ್ನು ಯಾರು ಕಡಿಸಿಯಾರು? ಆದರೆ ಕೇಳಿಕೊಳ್ಳಿ, ತಲೆ ಮೇಲೆ ಒಬ್ಬ ಇರಬೇಕು ಅನ್ನುವ ನನ್ನ ಮಾತು ನಾನು ಬಿಟ್ಟಿಲ್ಲ."

"ಬಿಡಬೇಡಿ. ಎಡವಿದಾಗ ಬೈಯಲು ಒಬ್ಬರು ಬೇಕು," ಅಂದಳು ದುಗ್ಗವ್ವ.

ಮಳೆ ಬಂತು, ಹೋಯಿತು. ರಾಜಧಾನಿಯಲ್ಲಿ ಹೊಸ ಅರಸ ಕೂತ. ಅವನ ಅಧಿಕಾರಿ ಕುದುರೆ ಏರಿ ಘಾಟಿಯ ಬುಡಕ್ಕೆ ಬಂದ. ಇಲ್ಲೊಬ್ಬ ಯಜಮಾನನನ್ನು ಹಿಡಿದು, ಪೇಟ ತೊಡಿಸಿ, ಸುಂಕ ಎತ್ತಿಸಬೇಕು. ಅದು ಅವನಿಗೆ ಆದ ಅಪ್ಪಣೆ.

"ಈ ಕೋಲಿನ ಯಜಮಾನ ಯಾರು?" ಅಂತ ರಾಗಿ ಹೇರು ತಂದ ಒಬ್ಬ ಮುದುಕನನ್ನು ಕೇಳಿದ.

"ನಿನ್ನೆ ನಾನೇ ಆಗಿದ್ದೆ ಸ್ವಾಮಿ. ಕೊಟ್ಟುಬಿಟ್ಟೆ."

ಭರಮನನ್ನು ಕೇಳಿದ. ಭರಮನೂ ಈಗ ಉಪ್ಪು ಹೊರುತ್ತಿದ್ದ. "ಬೆಳಿಗ್ಗೆ ನಾನೇ ಆಗಿದ್ದೆ ಬುದ್ಧಿ. ಕೊಟ್ಟುಬಿಟ್ಟೆ."

ಅಷ್ಟರಲ್ಲಿ ಬುಳ್ಳಪ್ಪ ಸೆಟ್ಟಿಯ ಸಾಲು ಇಳಿದು ಬಂತು. ಕೋಲು ಅವನ ಕೈಯಲ್ಲೇ ಇದೆ! ಅಧಿಕಾರಿಯ ಮುಖ ಅರಳಿತು. "ಸೆಟ್ಟರೇ, ಹಾಗಾದರೆ ನೀವೇ. ಈ ಪೇಟ ತಗೊಳ್ಳಿ. ನಿಮ್ಮ ಹೇರಿಗೆ ಸುಂಕ ಮಾಫಿ. ನೀವು ಕೊಟ್ಟರೆ ಕೋಲು, ಇಲ್ಲದಿದ್ದರೆ ಇಲ್ಲ."

ಅರಸ ಬೇಕು ಅಂತ ಮೊದಲಿನಿಂದ ಹೇಳಿದವನು ಇವನೇ ತಾನೇ? ಸೆಟ್ಟಿ ಪೇಟ ನೋಡಿದ. ಒಳ್ಳೆಯ ಜರಿ. ಕೋಲು ನೋಡಿದ. ಗೀರುಗಳ ನಡುವೆ ತನ್ನದನ್ನು ಹೆಬ್ಬೆರಳಿನಿಂದ ಮುಟ್ಟಿದ. ಎದುರಿಗೆ ದುಗ್ಗವ್ವ ಉಪ್ಪು ಹೇರಿಕೊಂಡು ಕಾಯುತ್ತಿದ್ದಳು. ಕೋಲನ್ನು ಅವಳ ಕೈಗಿಟ್ಟ.

"ನಾನೇ ಆಗಿದ್ದೆ ಸ್ವಾಮಿ. ಈಗ ತಾನೇ ಕೊಟ್ಟುಬಿಟ್ಟೆ."

ದುಗ್ಗವ್ವ ತನ್ನ ಗೀರು ಹುಡುಕಿಕೊಂಡಳು. ಎತ್ತನ್ನು ಘಾಟಿಗೆ ತಿರುಗಿಸುತ್ತಾ ಮೆಲ್ಲಗೆ ಕೇಳಿದಳು, "ಏನು ಸೆಟ್ಟರೇ, ಅರಸ ಬೇಡವಾದನೇ?"

"ಬೇಕು ಕಣಮ್ಮ, ಬೇಕು," ಅಂದ ಸೆಟ್ಟಿ. "ಆದರೆ ಸರದಿ ನಿಂದು. ಹೊರಡು, ಹೊತ್ತಾಯಿತು."

ಆಮೇಲೆ ಅಧಿಕಾರಿ ದಂಡು ಕಟ್ಟಿಕೊಂಡು ಬಂದನೇ? ಕೆಳಗಿನೂರಿನವರು ಬಂದ ಅನ್ನುತ್ತಾರೆ, ಮೇಲಿನೂರಿನವರು ಬರಲಿಲ್ಲ ಅನ್ನುತ್ತಾರೆ. ನಾನು ಎರಡೂ ಊರಲ್ಲಿ ವ್ಯಾಪಾರ ಮಾಡಬೇಕು, ನನ್ನನ್ನು ಕೇಳಬೇಡಿ. ಕಥೆಯ ಹೇರು ಇಲ್ಲಿಗೆ ಇಳಿಸಿದೆ. ಕೋಲು ನಿಮ್ಮ ಕೈಯಲ್ಲಿದೆ.