ಹಡಗಿಗೆ ಸಾಲದ ಪಾಯಿಂಟು

ಏಳು ಗೋಡೆಯಾಚೆಯ ಪಿಸುಮಾತೂ ನನ್ನ ಕಿವಿಗೆ ಬೀಳುತ್ತದೆ. ಮಂಡಿ ಡಾಕ್ಟರ ಬಾಗಿಲಲ್ಲಿ ಸಾವಿರ ಜನರ ನಡುವೆ ಕೂತಿದ್ದಾಗ, ಪಕ್ಕದ ಅತ್ತೆ-ಸೊಸೆಯ ಮಾತನ್ನು ಬಿಟ್ಟೇನೆ?

“ಹಡಗಿನ ಪ್ರವಾಸ ಯಾವತ್ತಮ್ಮಾ?”

“ಒಂಬತ್ತು ವರ್ಷ ಎಲ್ಲೂ ಹೋಗ್ದೆ ರೆಸಾರ್ಟ್‌ನವ್ರು ರಜಕ್ಕೆ ಅಂತ ವರ್ಷಾವರ್ಷ ಕೊಡೋ ಪಾಯಿಂಟು ಕೂಡಿಟ್ವಲ್ಲ ಅತ್ತೆ, ಹಡಗಿಗಾದ್ರೆ ಅದಕ್ಕೆ ಕಾಲುಭಾಗ ಬೆಲೆ ಮಾತ್ರ ಅಂತೆ. ಒಬ್ರಿಗೆ ಮಾತ್ರ ಸಾಕಾಗುತ್ತೆ.”

“ನಾನೊಬ್ಳೇ ಹೋಗಿ ಮೀನಿನ ಜೊತೆ ಹರಟ್ಲಾ? ಗೈಡ್ ಕರ್ಕೊಂಡು ಹೋಗೋ ಟೂರಿಗೆ ಎಲ್ರೂ ಹೋಗೋಣ.”

“ಅದಕ್ಕೆ ಪಾಯಿಂಟು ಸಾಲುತ್ತೆ. ಆದ್ರೆ ದಿನಾ ಐದು ಮೈಲಿ ನಡೀಬೇಕು.”

“ಮುಂದಿನ ವರ್ಷ ನಡೀತೀನಿ.”

“ಈ ತಿಂಗಳು ಮುಗಿದ್ರೆ ಪಾಯಿಂಟೇ ರದ್ದು.”

“ಹಾಗಾದ್ರೆ ನನ್ನ ಬಿಟ್ಟು ಹೋಗ್ಬನ್ನಿ.”

“ನಿಮಗೋಸ್ಕರಾನೇ ಕೂಡಿಟ್ಟಿದ್ದು, ಅತ್ತೆ.”

ಅಷ್ಟರಲ್ಲಿ ನರ್ಸ್ ಅತ್ತೆಯನ್ನು ಕರೆದಳು. ಡಾಕ್ಟರ ಬಾಗಿಲು ಹತ್ತೇ ಹೆಜ್ಜೆ ದೂರ. ಇದೊಂದನ್ನು ಬಣ್ಣ ಕಟ್ಟದೆ ಹೇಳುತ್ತೇನೆ: ಅಷ್ಟು ದೂರ ಹೋಗುವಷ್ಟರಲ್ಲಿ ಅತ್ತೆ ಸೊಸೆಯ ಹೆಗಲು ಹಿಡಿದು ಮೂರು ಸಲ ನಿಂತರು.